ಹಾಲುಕ್ಕಿಸಿದವಳು ವಿಡಿಯೋದಲ್ಲಿಲ್ಲ: ಭೂಪರಿಹಾರ ಪಡೆದ ಒಂದು ಮನೆಯ ಪ್ರಕರಣ

ಈ ಮನೆಯವರ ಹೆಸರು, ಊರು, ಸರ್ವೆ ನಂಬರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಗುರುತು ಸಿಗಬಾರದೆಂದು ಮೊತ್ತಗಳನ್ನೂ ತುಸು ಆಚೀಚೆ ಮಾಡಿದ್ದೇನೆ, ಲೆಕ್ಕ ಮಾತ್ರ ತಾಳೆಯಾಗುತ್ತದೆ. ಬರೆದದ್ದನ್ನು ಅವರಿಗೆ ಓದಿ ಹೇಳಿ ಒಪ್ಪಿಗೆ ಪಡೆದೆ. ಹಿರಿಮಗ ಮಾತ್ರ "ಏನಾದ್ರೂ ಬರ್ಕೊಳ್ಳಿ" ಅಂತ ಎದ್ದು ಹೋದ.

2017ರಿಂದ ಮೂರು ವರ್ಷ ನಾನು ದೇವನಹಳ್ಳಿ ತಾಲ್ಲೂಕಿನ ಒಂದು ಬ್ಯಾಂಕ್ ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದೆ. ವರ್ಗವಾದ ಮೇಲೂ ಆ ಮನೆಯವರು ಫೋನ್ ಮಾಡುವುದನ್ನು ಬಿಡಲಿಲ್ಲ, ಹಾಗಾಗಿ ಕಥೆಯ ಎರಡನೇ ಅರ್ಧವೂ ನನಗೆ ಗೊತ್ತು. ದುಡ್ಡು ಬಂದರೆ ಸುಖ ಬರುತ್ತದೆಯೇ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಈ ಒಂದೇ ಮನೆ.

ಹಿನ್ನೆಲೆ

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಅದಕ್ಕೇ ಸುಮಾರು 4,000 ಎಕರೆ ಹೋಗಿತ್ತು. ಅಲ್ಲಿಗೆ ಮುಗಿಯಲಿಲ್ಲ. ಏರೋಸ್ಪೇಸ್ ಪಾರ್ಕು, ಹಾರ್ಡ್‌ವೇರ್ ಪಾರ್ಕು ಎಂದು ಸುತ್ತಲಿನ ಹಳ್ಳಿಗಳ ಪಹಣಿಯಲ್ಲಿ ಕೆಐಎಡಿಬಿ, ಅಂದರೆ ಕೈಗಾರಿಕೆಗಳಿಗೆ ಜಮೀನು ವಶಪಡಿಸಿಕೊಳ್ಳುವ ಸರ್ಕಾರಿ ಮಂಡಳಿಯ ಹೆಸರು ಕೂರತೊಡಗಿತು. ಒಮ್ಮೆ ಆ ಹೆಸರು ಬಿತ್ತೆಂದರೆ ಜಮೀನು ಮಾರುವಂತಿಲ್ಲ, ಅದರ ಮೇಲೆ ಸಾಲ ಎತ್ತುವಂತಿಲ್ಲ. ಬೆಳೆಯಿಡುವುದಕ್ಕೂ ಮನಸ್ಸು ಬರುವುದಿಲ್ಲ.

ಈ ಮನೆಗೆ ಇದ್ದದ್ದು 4 ಎಕರೆ 20 ಗುಂಟೆ. ಒಂದೂವರೆ ಎಕರೆಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿ, ಉಳಿದದ್ದರಲ್ಲಿ ರಾಗಿ, ಹಸುಗಳಿಗೆ ಒಂದಿಷ್ಟು ಮೇವು. ಕೊಟ್ಟಿಗೆಯಲ್ಲಿ ಮೂರು ಸೀಮೆಹಸು. ಯಜಮಾನರು, ಅವರ ಹೆಂಡತಿ, ಇಬ್ಬರು ಗಂಡುಮಕ್ಕಳು, ಹಿರಿಯವನ ಹೆಂಡತಿ, ಎರಡು ಮೊಮ್ಮಕ್ಕಳು. ಮಗಳನ್ನು ಶಿಡ್ಲಘಟ್ಟದ ಕಡೆ ರೇಷ್ಮೆ ಸಾಕುವ ಮನೆಗೆ ಕೊಟ್ಟಿದ್ದರು. ಮೂರನೇ ಬೋರ್‌ವೆಲ್ 1,200 ಅಡಿ ಹೋಗಿ ಬರೀ ದೂಳು ಕಾರಿತ್ತು. ಬೆಳೆ ಸಾಲ, ಕೈಸಾಲ, ಒಡವೆ ಸಾಲ ಎಲ್ಲ ಸೇರಿ 11 ಲಕ್ಷ. ಅಮ್ಮನ ಕಾಸಿನಸರ ನಮ್ಮ ಶಾಖೆಯ ಲಾಕರಿನಲ್ಲೇ ನಾಲ್ಕು ವರ್ಷದಿಂದ ಅಡವಿತ್ತು. ಬಡ್ಡಿ ಕಟ್ಟಿ ನವೀಕರಿಸಲು ಬಂದಾಗಲೆಲ್ಲ ಆಕೆ "ಅದು ಐತಾ ಸಾರ್?" ಅಂತ ಒಮ್ಮೆ ಕೇಳಿಯೇ ಹೋಗುವರು.

2018ರಲ್ಲಿ 3 ಎಕರೆ 20 ಗುಂಟೆಗೆ ಒಪ್ಪಂದದ ದರದಲ್ಲಿ ಪರಿಹಾರ ಬಂತು: 3 ಕೋಟಿ 80 ಲಕ್ಷ. ಒಂದು ಎಕರೆ ಉಳಿಯಿತು.

ಮಗಳು ಸಹಿ ಹಾಕಿದ್ದು ಪರಿಹಾರ ಬರುವ ಮೊದಲೇ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿಯಾದ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು, ಹಾಗಾಗಿ ಕಡತ ಮುಂದೆ ಹೋಗಬೇಕಾದರೆ ಅವಳ ಸಹಿ ಬೇಕೇ ಬೇಕು. ನಮ್ಮ ಕಡೆ ಇದಕ್ಕೊಂದು ರೂಢಿಯ ದಾರಿ ಇದೆ. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಡುತ್ತಾರೆ, ಸೀರೆ ಉಡಿಸುತ್ತಾರೆ, ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುತ್ತಾರೆ. ಅವಳಿಗೆ ಕೊಟ್ಟದ್ದು 5 ಲಕ್ಷ. ನೋಂದಣಿ ಕಚೇರಿಯಿಂದ ಹೊರಗೆ ಬಂದು ಹೋಟೆಲಿನಲ್ಲಿ ಎಲ್ಲರೂ ಒಟ್ಟಿಗೆ ಊಟ ಮಾಡಿದರು ಅಂತ ಆಮೇಲೆ ಕೇಳಿದೆ. ಆ ದಿನ ಯಾರಿಗೂ ಅದು ತಪ್ಪು ಅನ್ನಿಸಿರಲಿಲ್ಲ, ನನಗೂ ಸಹ.

ಮೊದಲ ಆರು ತಿಂಗಳು

ಈ ಭಾಗವನ್ನು ಬೇಕೆಂದೇ ನಿಧಾನವಾಗಿ ಹೇಳುತ್ತೇನೆ. ಇಂಥ ಪ್ರಕರಣ ಬರೆಯುವವರು ಸಾಮಾನ್ಯವಾಗಿ ಇದನ್ನು ಹಾರಿಸಿ ಸೀದಾ ಅನಾಹುತಕ್ಕೆ ಹೋಗಿಬಿಡುತ್ತಾರೆ.

ಹಣ ಜಮೆಯಾದ ಮೂರನೇ ದಿನ ಯಜಮಾನರು ಎಲ್ಲ ಸಾಲ ತೀರಿಸಿದರು. ಕೈಸಾಲ ಕೊಟ್ಟಿದ್ದವನ ಮನೆಗೆ ಹೋಗುವಾಗ ಬಿಳಿ ಪಂಚೆ ಉಟ್ಟುಕೊಂಡು ಹೋದರಂತೆ. ಅಮ್ಮ ಲಾಕರಿನಿಂದ ಬಂದ ಸರವನ್ನು ನನ್ನ ಮೇಜಿನ ಮುಂದೆಯೇ ಕೊರಳಿಗೆ ಹಾಕಿಕೊಂಡು, ಸೆರಗಿನೊಳಗೆ ಮುಚ್ಚಿಕೊಂಡು ಎದ್ದರು. ಎರಡು ವರ್ಷದಿಂದ ಮುಂದಕ್ಕೆ ಹಾಕುತ್ತಿದ್ದ ಮಂಡಿಯ ಆಪರೇಷನ್ ಆಯಿತು. ಮೊಮ್ಮಕ್ಕಳ ಸ್ಕೂಲಿನ ಫೀಸು ಒಂದೇ ಸಲಕ್ಕೆ ಕಟ್ಟಿದರು. ಇಷ್ಟಕ್ಕೆಲ್ಲ ಖರ್ಚಾದದ್ದು 15 ಲಕ್ಷದೊಳಗೆ. ಬಂದ ಹಣದ ಇಪ್ಪತ್ತೈದನೇ ಒಂದು ಭಾಗ. ಆ ಮನೆಯವರ ಮುಖದಲ್ಲಿ ನಾನು ಕಂಡ ನೆಮ್ಮದಿಯೆಲ್ಲ ಬಂದದ್ದು ಆ ಒಂದು ಭಾಗದಿಂದ.

ದುಡ್ಡಿನಿಂದ ಸುಖವಿಲ್ಲ ಅಂತ ವೇದಿಕೆ ಮೇಲೆ ಹೇಳುವವರನ್ನು ಕಂಡರೆ ಅಂದಿನಿಂದ ನನಗೆ ಸಿಟ್ಟು ಬರುತ್ತದೆ. ಅಡವಿಟ್ಟ ಒಡವೆ ಬಿಡಿಸಿಕೊಂಡವರನ್ನು ಅವರು ಎದುರಿಗೆ ಕೂರಿಸಿಕೊಂಡು ನೋಡಿಲ್ಲ. 1978ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಜನರ ಮೇಲೆ ನಡೆದ ಒಂದು ಸಣ್ಣ ಅಧ್ಯಯನವನ್ನು ಇಂಥವರು ಸದಾ ಎತ್ತುತ್ತಾರೆ. ಗೆದ್ದವರು ಉಳಿದವರಿಗಿಂತ ಹೆಚ್ಚು ಸುಖಿಗಳಾಗಿರಲಿಲ್ಲ ಎಂಬುದು ಅದರ ಫಲಿತಾಂಶ. 2020ರಲ್ಲಿ ಸ್ವೀಡನ್ನಿನ ಲಾಟರಿ ವಿಜೇತರ ಮೇಲೆ ಪ್ರಕಟವಾದ, ಅದಕ್ಕಿಂತ ಎಷ್ಟೋ ದೊಡ್ಡ ಅಧ್ಯಯನ ಬೇರೆಯೇ ಹೇಳಿತು: ದೊಡ್ಡ ಮೊತ್ತ ಗೆದ್ದವರಿಗೆ ಬದುಕಿನ ಬಗ್ಗೆ ತೃಪ್ತಿ ಹೆಚ್ಚಿತ್ತು, ಅದು ಹತ್ತು ವರ್ಷ ಕಳೆದರೂ ಇಳಿದಿರಲಿಲ್ಲ. ಆದರೆ ಆ 1978ರ ಅಧ್ಯಯನದಲ್ಲಿ ಎರಡನೇ ಮಾತೊಂದಿದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಗೆದ್ದವರಿಗೆ ದಿನನಿತ್ಯದ ಸಣ್ಣಪುಟ್ಟ ಸಂತೋಷಗಳಲ್ಲಿ ರುಚಿ ಕಡಿಮೆಯಾಗಿತ್ತು. ಈ ಮಾತು ನೆನಪಿರಲಿ, ಕೊಟ್ಟಿಗೆಯ ವಿಷಯ ಬಂದಾಗ ಬೇಕಾಗುತ್ತದೆ.

ತೊಂದರೆ ಎಲ್ಲಿಂದ ಬಂತು

ಹಣ ಬಂದ ವಾರದಲ್ಲೇ ಆ ಮನೆಯ ಜಗಲಿ ಮೇಲೆ ಸಾಲುಗಟ್ಟಿದವರು ಯಾರು ಯಾರು? ಕಾರ್ ಶೋರೂಮಿನ ಹುಡುಗರು, ಸೈಟ್ ಮಾರುವವರು, ಚೀಟಿಯವರು, ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು. ಮತ್ತೆ ನಾನು. ಹೌದು, ನಾನೂ ಹೋಗಿದ್ದೆ. ಆ ತ್ರೈಮಾಸಿಕದ ವಿಮೆ ಟಾರ್ಗೆಟ್ ನನ್ನ ತಲೆ ಮೇಲಿತ್ತು. ವರ್ಷಕ್ಕೆ 6 ಲಕ್ಷ ಕಂತಿನ ಒಂದು ಪಾಲಿಸಿಗೆ ಹಿರಿಮಗನಿಂದ ಸಹಿ ಹಾಕಿಸಿದೆ. ಎರಡನೇ ವರ್ಷ ಅವರು ಕಟ್ಟಲಿಲ್ಲ. ಒಂದೇ ಕಂತು ಕಟ್ಟಿ ಬಿಟ್ಟರೆ ಅಂಥ ಪಾಲಿಸಿಯಲ್ಲಿ ಆಗ ಏನೂ ವಾಪಸ್ ಬರುತ್ತಿರಲಿಲ್ಲ. ಈ ಮನೆಯ ನಷ್ಟದ ಪಟ್ಟಿಯಲ್ಲಿ ಆ 6 ಲಕ್ಷ ನನ್ನ ಹೆಸರಿನಲ್ಲಿದೆ.

ಪಕ್ಕದ ಬೀದಿಯವರಿಗೂ ಅದೇ ತಿಂಗಳು ಪರಿಹಾರ ಬಂದಿತ್ತು. ನೆದರ್ಲೆಂಡ್ಸ್‌ನಲ್ಲಿ ಪಿನ್‌ಕೋಡ್ ಮೇಲೆ ನಡೆಯುವ ಲಾಟರಿಯೊಂದಿದೆ. ಗೆದ್ದರೆ ಆ ಬೀದಿಯಲ್ಲಿ ಟಿಕೆಟ್ ಕೊಂಡವರೆಲ್ಲರೂ ಗೆಲ್ಲುತ್ತಾರೆ. ಅಲ್ಲಿ ಸಂಶೋಧಕರು ಕಂಡದ್ದೇನೆಂದರೆ, ಟಿಕೆಟ್ ಕೊಳ್ಳದೆ ಇದ್ದ ಪಕ್ಕದ ಮನೆಯವರೂ ಆಮೇಲೆ ಕಾರು ಕೊಳ್ಳುವುದು ಹೆಚ್ಚಾಗಿತ್ತು. ಇದು 2011ರ ಪ್ರಬಂಧ. ನಮ್ಮ ಹೋಬಳಿಯನ್ನು ನೋಡಿಯೇ ಬರೆದ ಹಾಗಿತ್ತು. ಒಂದು ಬೀದಿಯಲ್ಲಿ ಒಂದು ಬಿಳಿ ಫಾರ್ಚೂನರ್ ಬಂದರೆ ಆರು ತಿಂಗಳಲ್ಲಿ ನಾಲ್ಕಾಗುತ್ತಿತ್ತು. ಹಿರಿಮಗನೂ 38 ಲಕ್ಷಕ್ಕೆ ಒಂದು ತಂದ.

ಆಮೇಲೆ ಮನೆ. ಹಿರಿಸೊಸೆ ಯೂಟ್ಯೂಬಿನಲ್ಲಿ ಹೋಮ್ ಟೂರ್ ವಿಡಿಯೋಗಳನ್ನು ನೋಡುತ್ತಿದ್ದಳು. ಇಂಜಿನಿಯರಿಗೆ ನಕ್ಷೆಯ ಬದಲು ಮೂರು ವಿಡಿಯೋ ಲಿಂಕ್ ಕಳಿಸಿದ್ದರು: ಮೆಟ್ಟಿಲು ಇದರ ಹಾಗೆ, ಕಿಚನ್ ಅದರ ಹಾಗೆ, ಮುಂಭಾಗ ಇನ್ನೊಂದರ ಹಾಗೆ. ಮೂರಂತಸ್ತು, 1 ಕೋಟಿ 25 ಲಕ್ಷ. ಮುಂದುಗಡೆ ಗ್ರಾನೈಟ್ ಹಾಸಿ ಕಾರ್ ನಿಲ್ಲಿಸುವ ಜಾಗ ಮಾಡಬೇಕಿತ್ತು. ಆ ಜಾಗದಲ್ಲಿ ಕೊಟ್ಟಿಗೆಯಿತ್ತು.

ಹಸು ಮಾರುವ ಆ ತೀರ್ಮಾನವನ್ನು ನಾನು ಮೊದಲ ತಿರುವು ಅನ್ನುತ್ತೇನೆ. ಆಗ ಅದು ತಿರುವೆಂದು ಯಾರಿಗೂ ಕಾಣಲಿಲ್ಲ. ಮಂಡಿ ಆಪರೇಷನ್ ಆದ ಹೆಂಗಸು ಸಗಣಿ ಬಾಚುವುದು ಯಾಕೆ, ಹಾಲಿನ ದುಡ್ಡು ಯಾರಿಗೆ ಬೇಕು, ಗೃಹಪ್ರವೇಶಕ್ಕೆ ಬಂದವರ ಫೋಟೋದಲ್ಲಿ ಗಂಜಲ ಕಾಣಬೇಕೇ. ಎಲ್ಲ ಮಾತೂ ಸರಿಯಾಗಿಯೇ ಇತ್ತು. ಆದರೆ ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಕ್ಯಾನು ಹಿಡಿದು ಡೈರಿಗೆ ಹೋಗುವುದು ಆಕೆಗೆ ಬರೀ ಹಾಲು ಹಾಕುವ ಕೆಲಸವಾಗಿರಲಿಲ್ಲ. ಸಾಲಿನಲ್ಲಿ ನಿಂತು ಯಾರ ಮನೆಯಲ್ಲಿ ಯಾರು ಬಸುರಿ, ಯಾರ ಬೋರು ನಿಂತಿತು ಎಂದು ಕೇಳುವುದು, ಫ್ಯಾಟ್ ಕಡಿಮೆ ಬರೆದ ಕಾರ್ಯದರ್ಶಿಯ ಜೊತೆ ಜಗಳವಾಡುವುದು, ಎಲ್ಲವೂ ಆ ಕ್ಯಾನಿನ ಜೊತೆಗಿತ್ತು. ಹೊಸ ಮನೆಗೆ ಹೋದ ಎರಡು ತಿಂಗಳಿಗೆ ಬ್ಯಾಂಕಿಗೆ ಬಂದವರು ಯಾವ ಕೆಲಸವೂ ಇಲ್ಲದೆ ಅರ್ಧ ಗಂಟೆ ಬೆಂಚಿನ ಮೇಲೆ ಕೂತಿದ್ದರು. "ಒಳಗೆ ಕಾಲಿಟ್ರೆ ಜಾರ್ತದೆ ಸಾರ್, ಯಾರೂ ಬರಾಕಿಲ್ಲ" ಅಂದರು. ಹೊರಗೆ ಚಪ್ಪಲಿ ಬಿಟ್ಟು ಗ್ರಾನೈಟ್ ದಾಟಿ ಒಳಗೆ ಬರುವುದಕ್ಕೆ ಅಕ್ಕಪಕ್ಕದವರಿಗೆ ಸಂಕೋಚವಾಗಿತ್ತು.

ಕಿರಿಮಗನ ಮದುವೆ 2019ರ ನವೆಂಬರಿನಲ್ಲಿ ನಡೆಯಿತು: ಡ್ರೋನು, ಪ್ರೀವೆಡ್ಡಿಂಗ್ ಶೂಟು, ಎಲ್ಇಡಿ ಪರದೆ, 30 ಲಕ್ಷ. ಹೆಚ್ಚು ಹೇಳುವಂಥದ್ದೇನಿಲ್ಲ, ಎಲ್ಲರ ಮದುವೆಯೂ ಹೀಗೇ.

ಕೊರೊನಾ ಬಂತು. ಕಿರಿಯವನು ಮನೆಯಲ್ಲಿ ಕೂತು ಟೆಲಿಗ್ರಾಂ ಗುಂಪೊಂದಕ್ಕೆ ಸೇರಿದ. 2021ರ ಜನವರಿಯಿಂದ ಹದಿನಾಲ್ಕು ತಿಂಗಳು, ಬೆಳಗ್ಗೆ 9:15ರಿಂದ ಮಧ್ಯಾಹ್ನ 3:30ರವರೆಗೆ ಷೇರುಪೇಟೆಯಲ್ಲಿ ಆಪ್ಷನ್ಸ್ ವ್ಯವಹಾರ, ಅಂದರೆ ಬೆಲೆ ಏರುತ್ತದೋ ಇಳಿಯುತ್ತದೋ ಎಂಬುದರ ಮೇಲೆ ಪಣ ಕಟ್ಟುವುದು. ಅವನ ಹೆಸರಿನ ಎಫ್‌ಡಿಗಳನ್ನು ಫೋನಿನಲ್ಲೇ ಮುರಿದು 38 ಲಕ್ಷ ಕಳೆದ. ಅವನೊಬ್ಬನೇ ದಡ್ಡನಾಗಿರಲಿಲ್ಲ. 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ಎಫ್ ಅಂಡ್ ಓ (ಫ್ಯೂಚರ್ಸ್ ಮತ್ತು ಆಪ್ಷನ್ಸ್) ವ್ಯವಹಾರ ಮಾಡಿದ ಒಂದು ಕೋಟಿಗೂ ಹೆಚ್ಚು ಜನರಲ್ಲಿ 93 ಶೇಕಡಾ ಮಂದಿ ಕಳೆದುಕೊಂಡಿದ್ದಾರೆ, ಒಟ್ಟು ನಷ್ಟ 1.8 ಲಕ್ಷ ಕೋಟಿ ಮೀರಿದೆ ಎಂದು ಷೇರುಪೇಟೆಯ ನಿಯಂತ್ರಣ ಮಂಡಳಿಯಾದ ಸೆಬಿಯೇ 2024ರಲ್ಲಿ ಹೇಳಿತು. ಬ್ಯಾಂಕಿನಲ್ಲಿ ಹಣ ಇದ್ದೂ ಯಾಕೆ ಹೀಗೆ ಮಾಡಿದೆ ಅಂತ ಅವನನ್ನು ಕೇಳಿದೆ. ಅವನ ಉತ್ತರ ಇವತ್ತಿಗೂ ನನ್ನ ಡೈರಿಯಲ್ಲಿದೆ: "ಊರಲ್ಲಿ ನಾನು ಬಡವ ಅಲ್ಲ ಸಾರ್. ಫೋನ್ ತೆಗೆದ್ರೆ ಬಡವ."

ಮೊದಲೆಲ್ಲ ಅವನು ತನ್ನನ್ನು ಅಳೆದುಕೊಳ್ಳುತ್ತಿದ್ದದ್ದು ಪಕ್ಕದ ತೋಟದವನ ಜೊತೆ. ಅವನ ದ್ರಾಕ್ಷಿಗೆ ಎಷ್ಟು ಸಿಕ್ಕಿತು, ನಮ್ಮದಕ್ಕೆ ಎಷ್ಟು ಸಿಕ್ಕಿತು. ಅಂಥ ಅಳತೆಯಲ್ಲಿ ಒಂದು ವರ್ಷ ಸೋತರೆ ಇನ್ನೊಂದು ವರ್ಷ ಗೆಲ್ಲಬಹುದು. ಫೋನಿನಲ್ಲಿ ಸಿಗುವವನು ದುಬೈನಲ್ಲಿ ಲ್ಯಾಂಬೊರ್ಗಿನಿಗೆ ಒರಗಿ ನಿಂತು ಬೆಳಗ್ಗೆ ಎರಡು ಗಂಟೆ ಕೆಲಸ ಮಾಡಿದೆ ಅನ್ನುತ್ತಾನೆ. ಅವನ ಕಾರು ಬಾಡಿಗೆಯದೋ ಏನೋ, ಅವನ ಸಂಪಾದನೆ ಈ ಹುಡುಗನಂಥವರು ಕಟ್ಟಿದ ಕೋರ್ಸ್ ಫೀಸೋ ಏನೋ. ಅದನ್ನು ತಿಳಿಯುವುದಕ್ಕೆ ಬೇಲಿಯಾಚೆ ಇಣುಕಿ ನೋಡುವ ದಾರಿಯೂ ಇಲ್ಲ.

ನೋಟಿಸು

2022ರ ಆರಂಭದಲ್ಲಿ ಮಗಳ ಕಡೆಯಿಂದ ವಕೀಲರ ನೋಟಿಸು ಬಂತು. ಬಿಡುಗಡೆ ಪತ್ರವನ್ನು ಮೊತ್ತ ಮುಚ್ಚಿಟ್ಟು ಬರೆಸಿಕೊಂಡಿದ್ದಾರೆ, ತನಗೆ ನಾಲ್ಕರಲ್ಲಿ ಒಂದು ಪಾಲು ಬರಬೇಕು ಎಂಬುದು ಅದರ ಸಾರ. ನಾಲ್ಕರಲ್ಲಿ ಒಂದು ಅಂದರೆ 95 ಲಕ್ಷ.

ಯಜಮಾನರು ಪಾಸ್‌ಬುಕ್ಕು, ಎಫ್‌ಡಿ ರಸೀದಿ ಎಲ್ಲ ಚೀಲದಲ್ಲಿ ತುಂಬಿಕೊಂಡು ನನ್ನ ಬೆಂಗಳೂರಿನ ಮನೆಗೆ ಬಂದರು. ಇಬ್ಬರೂ ಕೂತು ಕೂಡಿದೆವು. ಸಾಲ 11, ಆಪರೇಷನ್ 3, ಮನೆ 125, ಕಾರು 38, ಮದುವೆ 30, ಕಿರಿಯವನ ನಷ್ಟ 38, ಹಿರಿಯವನು ಗೆಳೆಯರಿಗೆ ಕೈಸಾಲ ಕೊಟ್ಟು ವಾಪಸ್ ಬಾರದೆ ಹೋದದ್ದು 25, ನನ್ನ ವಿಮೆ 6, ಮಗಳಿಗೆ ಕೊಟ್ಟದ್ದು 5, ಫೀಸು ಮುಂತಾದ ಚಿಲ್ಲರೆ 4. ಮನೆ ಖರ್ಚು ಬಡ್ಡಿಯಲ್ಲೇ ನಡೆದಿತ್ತು. ಉಳಿದದ್ದು 95 ಲಕ್ಷ.

ಕಾಗದದ ಮೇಲೆ ಆ ಅಂಕಿ ಬಿದ್ದಾಗ ಇಬ್ಬರೂ ಮಾತಾಡಲಿಲ್ಲ. ನನ್ನ ಹೆಂಡತಿ ಕಾಫಿ ತಂದಿಟ್ಟಳು. ಅವರು ಕುಡಿಯಲಿಲ್ಲ.

ಏನೇನು ಮಾಡಿ ನೋಡಿದೆವು

ಹಿರಿಮಗ ಕೋರ್ಟಿಗೆ ಹೋಗೋಣ ಅಂದ. ಪತ್ರ ನೋಂದಣಿಯಾಗಿದೆ, ಅವಳು ಗೆಲ್ಲುವುದು ಸುಲಭವಿಲ್ಲ ಎಂದು ಅವನ ವಕೀಲರು ಹೇಳಿದ್ದರು. ಇರಬಹುದು. ಆದರೆ ದಾವೆ ಹತ್ತು ವರ್ಷ ನಡೆದರೆ ಗೆದ್ದವರಿಗೂ ಏನು ಉಳಿಯುತ್ತದೆ ಎಂದು ನಾನು ಕೇಳಿದೆ. ಊರಿನ ನಾಲ್ಕು ಜನ ಹಿರಿಯರನ್ನು ಕೂರಿಸಿ ಒಂದು ಪಂಚಾಯ್ತಿ ಆಯಿತು, ಮುರಿದುಬಿತ್ತು. ಹಿರಿಯರಲ್ಲಿ ಇಬ್ಬರು ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಇದೇ ರೀತಿ ಪತ್ರ ಬರೆಸಿಕೊಂಡವರು. ಅವಳಿಗೆ ನ್ಯಾಯ ಹೇಳಿದರೆ ನಾಳೆ ತಮ್ಮ ಮನೆ ಬಾಗಿಲಿಗೂ ನೋಟಿಸು ಬರುತ್ತದೆ. ಈ ಲೆಕ್ಕವನ್ನು ನಾನು ಮೊದಲೇ ಹಾಕಬೇಕಿತ್ತು.

ಎರಡನೇ ಸಲ ಹೊರಗಿನವರನ್ನು ಬಿಟ್ಟು ಶಿಡ್ಲಘಟ್ಟಕ್ಕೇ ಹೋದೆವು. ಯಜಮಾನರು, ಅಮ್ಮ, ನಾನು ಮೂವರೇ. ಗಂಡುಮಕ್ಕಳನ್ನು ಬಿಟ್ಟು ಹೋಗಬೇಕು ಎಂದು ಹಟ ಹಿಡಿದದ್ದು ಅಮ್ಮ. ಎರಡನೇ ತಿರುವು ಅಂತ ಒಂದಿದ್ದರೆ ಅದು ಇದೇ.

ಮೊದಲ ಅರ್ಧ ಗಂಟೆ ಅಳಿಯ ಮಾತಾಡಿದರು, ಲಕ್ಷಗಳ ಮಾತು. ಆಮೇಲೆ ಮಗಳು ಒಳಗಿನಿಂದ ಫೋನ್ ತಂದು ಗೃಹಪ್ರವೇಶದ ವಿಡಿಯೋ ಹಾಕಿದಳು. ನಾಲ್ಕು ನಿಮಿಷದ್ದು, ಹಿನ್ನೆಲೆಯಲ್ಲಿ ಸಿನಿಮಾ ಸಂಗೀತ. ಸೊಸೆಯ ತವರಿನವರಿದ್ದರು, ಹಾರ ಹಾಕಿಸಿಕೊಳ್ಳುವ ಮುಖಂಡರೊಬ್ಬರಿದ್ದರು, ಕಾರಿನ ಚಕ್ರ ನಿಧಾನಗತಿಯಲ್ಲಿ ತಿರುಗುತ್ತಿತ್ತು. "ಹಾಲುಕ್ಕಿಸಿದ್ದು ನಾನು ಸಾರ್. ಉಕ್ಕಿದ ಹಾಲೈತೆ ನೋಡಿ. ನಾನಿಲ್ಲ." ಆ ವಿಡಿಯೋ ಅವಳ ಓರಗಿತ್ತಿಯ ಸ್ಟೇಟಸ್ಸಿನಲ್ಲಿ ಬಂದಿತ್ತಂತೆ. ನಿಮ್ಮ ತವರುಮನೆ ಅಂತೆ, ನೀನೆಲ್ಲಿ ಅಂತ ಕೇಳಿದ್ದರಂತೆ. ಅಲ್ಲಿಯವರೆಗೆ 5 ಲಕ್ಷ ಕಡಿಮೆ ಅನ್ನಿಸಿರಲಿಲ್ಲ ಅಂತ ಅವಳೇ ಹೇಳಿದಳು.

ಹಾಗಂತ ದುಡ್ಡು ಮುಖ್ಯವಲ್ಲ, ಪ್ರೀತಿ ಮುಖ್ಯ ಅಂತ ಅವಳನ್ನು ಸಮಾಧಾನ ಮಾಡಿ ಬಂದಿದ್ದರೆ ಅದು ಎರಡನೇ ಮೋಸವಾಗುತ್ತಿತ್ತು. ಅವಮಾನಕ್ಕೂ ಹಣಕ್ಕೂ ಅಲ್ಲಿ ಗಂಟು ಬಿದ್ದಿತ್ತು. ಒಂದನ್ನು ಬಿಚ್ಚಬೇಕಾದರೆ ಇನ್ನೊಂದನ್ನೂ ಬಿಚ್ಚಬೇಕು. ಯಜಮಾನರು ಚೀಲದಿಂದ ಲೆಕ್ಕದ ಕಾಗದ ತೆಗೆದು ಮಗಳ ಕೈಗೆ ಕೊಟ್ಟರು. ಮನೆಯಲ್ಲಿ ಎಷ್ಟು ಬಂತು, ಎಷ್ಟು ಹೋಯಿತು ಎಂದು ಅವಳಿಗೆ ಯಾರಾದರೂ ತೋರಿಸಿದ್ದು ಅದೇ ಮೊದಲು. ಓದಿ ಮುಗಿಸಿ "ಚಿಕ್ಕವನು ಇಷ್ಟೊಂದು ಕಳ್ದನಾ?" ಅಂತ ಅತ್ತಳು. ತಿಂಗಳೊಳಗೆ ಒಪ್ಪಂದವಾಯಿತು: 35 ಲಕ್ಷ, ಜೊತೆಗೆ ಉಳಿದ ಒಂದು ಎಕರೆಯ ಪಹಣಿಯಲ್ಲಿ ಅವಳ ಹೆಸರೂ ಸೇರಬೇಕು. ಎರಡನೆಯದಕ್ಕೆ ಹಿರಿಮಗ ಇನ್ನೂ ಬೈಯುತ್ತಾನೆ.

ಉಳಿದ 60 ಲಕ್ಷವನ್ನು ಅಪ್ಪ ಅಮ್ಮನ ಜಂಟಿ ಹೆಸರಿಗೆ ಹಾಕಿ, ಇಬ್ಬರ ಸಹಿಯೂ ಇದ್ದರೆ ಮಾತ್ರ ತೆಗೆಯುವಂತೆ ಮಾಡಿ, ಆ ಖಾತೆಯ ಮೊಬೈಲ್ ಬ್ಯಾಂಕಿಂಗ್ ತೆಗೆಸಿದೆವು. ಬ್ಯಾಂಕಿನವನಾಗಿ ನಾನು ಮಾಡಿದ ಅತ್ಯಂತ ಉಪಯುಕ್ತ ಕೆಲಸ ಬಹುಶಃ ಅದೇ. ಶಾಖೆಗೆ ನಡೆದು ಬರಬೇಕು, ಸಾಲಿನಲ್ಲಿ ನಿಲ್ಲಬೇಕು, ಇನ್ನೊಬ್ಬರನ್ನು ಒಪ್ಪಿಸಿ ಕರೆತರಬೇಕು. ಅಷ್ಟರಲ್ಲಿ ಅರ್ಧ ಆಸೆ ಇಳಿದಿರುತ್ತದೆ. ಬಡ್ಡಿ ತಿಂಗಳಿಗೆ ಸುಮಾರು 30,000 ಅಮ್ಮನ ಖಾತೆಗೆ ಬೀಳುತ್ತದೆ.

ಕಿರಿಯವನನ್ನು ನಿಮ್ಹಾನ್ಸ್‌ಗೆ ಕರೆದೊಯ್ದೆವು. ಫೋನು, ಗೇಮು ಇಂಥ ಗೀಳುಗಳಿಗಾಗಿ ಅಲ್ಲಿ 2014ರಿಂದ ಶಟ್ ಎಂಬ ಕ್ಲಿನಿಕ್ ಇದೆ. ನಾಲ್ಕು ಸಲ ಹೋದ, ಐದನೇ ಸಲ ಹೋಗಲಿಲ್ಲ. ಈಗ ಕಾರ್ಗೋ ಗೋದಾಮಿನಲ್ಲಿ ಶಿಫ್ಟ್ ಕೆಲಸಕ್ಕಿದ್ದಾನೆ. ಅವನ ಹತ್ತಿರ ಎರಡನೇ ಫೋನೊಂದಿದೆ ಎಂದು ಅವನ ಹೆಂಡತಿ ನನಗೆ ಹೇಳಿದಳು. ನಾನು ಅವನನ್ನು ಕೇಳಿಲ್ಲ.

ಅತಿ ಹೆಚ್ಚು ಗಲಾಟೆಯಾದದ್ದು ಒಂದು ಬೋರ್ಡಿಗೆ. ಮೇಲಿನ ಎರಡಂತಸ್ತು ಖಾಲಿಯಿದ್ದವು, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಹುಡುಗರು ಬಾಡಿಗೆಗೆ ಮನೆ ಹುಡುಕುತ್ತಿದ್ದರು. ಗೇಟಿಗೆ 'ಮನೆ ಬಾಡಿಗೆಗೆ ಇದೆ' ಅಂತ ತೂಗುಹಾಕಲು ಹಿರಿಮಗ ಆರು ತಿಂಗಳು ಬಿಡಲಿಲ್ಲ. ತಂಗಿಗೆ 35 ಲಕ್ಷ ಕೊಟ್ಟದ್ದು ಊರಿಗೆ ಕಾಣುವುದಿಲ್ಲ, ಈ ಬೋರ್ಡು ಕಾಣುತ್ತದೆ. ಕೊನೆಗೆ ಬೋರ್ಡಿಲ್ಲದೆಯೇ ಬಾಡಿಗೆಗೆ ಹೋಯಿತು. ಫಾರ್ಚೂನರ್ ಇನ್ನೂ ಇದೆ. ಇನ್ಷೂರೆನ್ಸ್ ಕಟ್ಟಿಲ್ಲ, ಓಡಾಟ ಕಡಿಮೆ.

ಈಗ

ಉಳಿದ ಎಕರೆಯಲ್ಲಿ ತಗಡಿನ ಶೆಡ್ ಹಾಕಿ ಅಮ್ಮ ಎರಡು ಹಸು ಕಟ್ಟಿದ್ದಾರೆ. ಹಾಲಿನಲ್ಲಿ ಲಾಭ ಅಂತ ಹೇಳುವಂಥದ್ದಿಲ್ಲ, ಮೇವಿಗೇ ಹೋಗುತ್ತದೆ. ಹೀಗೇ ಹಣ ಬರುವ ಮನೆಯವರು ಸಲಹೆ ಕೇಳಿ ಬಂದರೆ ನಾನು ಈಗ ಎಫ್‌ಡಿ ಬಡ್ಡಿಯ ಮಾತಿಗೆ ಮೊದಲು ಬೇರೆ ಪ್ರಶ್ನೆ ಕೇಳುತ್ತೇನೆ: ಬೆಳಗ್ಗೆ ಎದ್ದು ಯಾರು ಎಲ್ಲಿಗೆ ಹೋಗುತ್ತೀರಿ, ಅದರಲ್ಲಿ ಯಾವುದು ನಿಲ್ಲುತ್ತದೆ? ಹೆಣ್ಣುಮಕ್ಕಳಿಗೆ ಪೂರ್ತಿ ಮೊತ್ತ ಗೊತ್ತಿದೆಯೇ? ಮೊದಲ ಒಂದು ವರ್ಷ ಮನೆ, ಕಾರು ಎರಡನ್ನೂ ಮುಟ್ಟದೆ ಇರಲು ಆಗುತ್ತದೆಯೇ? ಮೂರನೆಯದಕ್ಕೆ ಇಲ್ಲಿಯವರೆಗೆ ಯಾರೂ ಹೂಂ ಅಂದಿಲ್ಲ.

2025ರ ಜುಲೈ 15ರಂದು ಪಕ್ಕದ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಸರ್ಕಾರ ಕೈಬಿಟ್ಟಿತು. ಹದಿಮೂರು ಹಳ್ಳಿಯ ರೈತರು ಮೂರು ವರ್ಷಕ್ಕೂ ಮೇಲ್ಪಟ್ಟು ಧರಣಿ ಕೂತು ಉಳಿಸಿಕೊಂಡ ಜಮೀನು. ಆ ವಾರ ನಾನು ಆ ಮನೆಗೆ ಹೋಗಿದ್ದೆ. ಯಜಮಾನರು ತಮ್ಮ ಹಳೇ ಸರ್ವೆ ನಂಬರಿನ ಕಾಂಪೌಂಡಿನವರೆಗೆ ನಡೆದು ವಾಪಸ್ ಬಂದಿದ್ದರು. ದಿನಾ ಸಂಜೆ ಹೋಗುತ್ತಾರೆ. ಒಳಗೆ ಇನ್ನೂ ಏನೂ ಕಟ್ಟಿಲ್ಲ, ಪಾರ್ಥೇನಿಯಂ ಎದೆಮಟ್ಟ ಬೆಳೆದಿದೆ. ಟಿವಿಯಲ್ಲಿ ರೈತರು ಹಸಿರು ಶಾಲು ಬೀಸಿ ಕುಣಿಯುತ್ತಿದ್ದರು.

ಸ್ವಲ್ಪ ಹೊತ್ತು ನೋಡಿ ಯಜಮಾನರು ಕೇಳಿದರು: "ಕೊಟ್ಟಿದ್ರೆ ಅವ್ರಿಗೆ ಎಕರೆಗೆ ಎಷ್ಟು ಸಿಗ್ತಿತ್ತು ಸಾರ್?"

ನನಗೆ ಗೊತ್ತಿಲ್ಲ ಅಂದೆ.

"ನಮಗಿಂತ ಜಾಸ್ತಿನೇ ಬುಡಿ" ಅಂದರು. ಶೆಡ್ಡಿನ ಕಡೆಯಿಂದ ಅಮ್ಮ ಕ್ಯಾನು ಎತ್ತಿಕೊಡಲು ಕೂಗಿದರು. ಎದ್ದು ಹೋದರು.